ನಾಲ್ಕು ಸೆಕೆಂಡ್

ಬುಗುರಿಯ ಹತ್ತಿರ ಕತ್ತರಿ ಇರಲಿಲ್ಲ. ಕೂತಿದ್ದು ಕಟಿಂಗ್ ಅಂಗಡಿಯಲ್ಲೇ. ಎದುರಿಗೇ ಐದು ಕತ್ತರಿ ತೂಗುತ್ತಿದ್ದವು. ಆದರೆ ಕೇಳುವ ಹಾಗಿರಲಿಲ್ಲ. ತಮ್ಮನ ತಲೆ ಮುಗಿಯುವುದರೊಳಗೆ ವಾರಪತ್ರಿಕೆಯ ಮೇಲೆ ಸ್ಕೇಲ್ ಇಟ್ಟು ಒಂದು ತುಂಡನ್ನು ಪರ್ರನೆ ಹರಿದಳು.

"ಏನೇ ಅದು ಸದ್ದು?" ಅಂಗಡಿಯವನು ತಿರುಗಿದ.

"ಸೀನು ಬಂತು, ಮಾಮ."

"ಅದೆಂಥ ಸೀನೇ ಮಾರಾಯ್ತಿ!"

ಮೂರು ಬ್ಯಾಂಡ್‌ಗಳ ನಾಲ್ವರು ಹೆಸರುವಾಸಿಗಳು ಸೇರಿ ಹೊಸ ಬ್ಯಾಂಡ್ ಕಟ್ಟಿದ್ದರು. ಇಂಥದ್ದಕ್ಕೆ ಸೂಪರ್‌ಗ್ರೂಪ್ ಅನ್ನುತ್ತಾರಂತೆ. ಅದರಲ್ಲಿ ಕೀಬೋರ್ಡ್ ನುಡಿಸುವುದು ಬುಗುರಿಯ ಚಿಕ್ಕಮ್ಮ. ಅವರ ಮೊದಲ ಹಾಡು ನ್ಯೂ ವೇವ್ ರಾಕ್: ಗಡಿಯಾರದಂಥ ಡ್ರಮ್, ಮಿಕ್ಸಿಯಂಥ ಕೀಬೋರ್ಡ್. ಅದು ತನಗೆ ಇಷ್ಟವೋ ಅಲ್ಲವೋ ಬುಗುರಿಗೇ ಗೊತ್ತಿರಲಿಲ್ಲ.

ಪತ್ರಿಕೆ ಓದಿ ತಲೆ ಇನ್ನಷ್ಟು ಕೆಟ್ಟಿತ್ತು. ಒಂದು ದಿನಪತ್ರಿಕೆ 'ಗಿಟಾರ್ ಅಮೋಘ' ಎಂದಿತ್ತು. ಹಾಡಿನಲ್ಲಿ ಗಿಟಾರೇ ಇಲ್ಲ! ಈ ವಾರಪತ್ರಿಕೆಯಂತೂ ಉಗಿದು ಉಪ್ಪಿನಕಾಯಿ ಹಾಕಿತ್ತು: 'ನಾಲ್ಕು ದೊಡ್ಡ ಹೆಸರು, ಒಂದು ಸಣ್ಣ ಹಾಡು. ನಡುವೆ ಎಲ್ಲರೂ ನುಡಿಸುವುದನ್ನು ನಿಲ್ಲಿಸುತ್ತಾರೆ. ಇಡೀ ಹಾಡಿನಲ್ಲಿ ಚೆನ್ನಾಗಿರುವುದು ಆ ನಾಲ್ಕು ಸೆಕೆಂಡ್ ಮಾತ್ರ.'

ಸುಮ್ಮನಿದ್ದರೇ ಚೆನ್ನ ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಬೇಕೆ? ಮನೆಯ ಪ್ರತಿಯನ್ನು ಬೆಳಿಗ್ಗೆಯೇ ಹರಿದಿದ್ದಳು. ಓಣಿಯವರೆಲ್ಲ ಓದುವುದು ಈ ಅಂಗಡಿಯ ಪ್ರತಿಯನ್ನು. ಹರಿದ ಎರಡು ತುಂಡನ್ನೂ ಚೂರು ಚೂರು ಮಾಡಿ ಚರಂಡಿಗೆ ಹಾಕಿದಳು.

ಮನೆಯಲ್ಲಿ ಚಿಕ್ಕಮ್ಮ ಪತ್ರಿಕೆಯ ತೂತಿನೊಳಗಿಂದ ಇಣುಕುತ್ತಿದ್ದಳು. "ಯಾವ ಇಲಿ ಇದು, ಸ್ಕೇಲ್ ಇಟ್ಟು ಕಡಿದಿರೋದು?"

ಬುಗುರಿ ಬಾಯಿಬಿಟ್ಟಳು. "ನಿಮ್ಮನ್ನ ಬೈದಿದ್ರು ಚಿಕ್ಕಮ್ಮ. ನೀವೆಲ್ಲ ಸುಮ್ನಿದ್ದ ನಾಲ್ಕು ಸೆಕೆಂಡ್ ಮಾತ್ರ ಚೆನ್ನಾಗಿದೆಯಂತೆ."

ಚಿಕ್ಕಮ್ಮ ಎದ್ದೇ ನಿಂತಳು. "ಅದು ನಂದು ಕಣೇ! ಅಲ್ಲಿ ನಿಲ್ಸೋಣ ಅಂದಿದ್ದೇ ನಾನು. ಯಾರ ಕಿವಿಗೂ ಬಿದ್ದಿಲ್ಲ, ಆಲ್ಬಮ್‌ನಲ್ಲಿ ತೆಗೆದುಬಿಡೋಣ ಅಂತ ಅವರು ಮೂರೂ ಜನ ಹಟ ಹಿಡಿದಿದ್ದಾರೆ. ಇವತ್ತು ಐದಕ್ಕೆ ತೀರ್ಮಾನ. ಎಲ್ಲಿ ಆ ಚೂರು?"

"ಚರಂಡೀಲಿ..."

ಪತ್ರಿಕೆ ಮಾರುವ ಅಂಗಡಿಗೆ ಓಡಿದರು. ಈ ವಾರದ್ದು ಖಾಲಿ. ಚಿಕ್ಕಮ್ಮ ಬುಗುರಿಯನ್ನೇ ಸಾಕ್ಷಿಗೆ ಸ್ಟುಡಿಯೋಗೆ ಎಳೆದುಕೊಂಡು ಹೋದಳು.

"ನಾನೇ ಓದಿದೆ, ಅಂಕಲ್! ಆ ನಾಲ್ಕು ಸೆಕೆಂಡ್ ಚೆನ್ನಾಗಿದೆ ಅಂತ ಬರೆದಿದ್ರು."

"ಹೌದಾ? ಎಲ್ಲಿ, ತೋರ್ಸು ಪುಟ್ಟಿ," ಅಂದ ಡ್ರಮ್ಮಿನವನು.

ಬುಗುರಿಯ ಕೈ ಖಾಲಿ.

"ಚಿಕ್ಕಮ್ಮ ಚೆನ್ನಾಗೇ ಹೇಳ್ಕೊಟ್ಟಿದ್ದಾಳೆ!"

ಮೂವರೂ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಬೈಯಲೂ ಇಲ್ಲ.

ತಿಂಗಳಾದ ಮೇಲೆ ಆಲ್ಬಮ್ ಬಂತು. ಬುಗುರಿ ಕಣ್ಣುಮುಚ್ಚಿ ಕೇಳಿದಳು. ನಿಲ್ಲುವ ಜಾಗ ಬಂತು. ಉಸಿರು ಬಿಗಿಹಿಡಿದಳು. ಪ್ರತಿಸಲವೂ ತಾನು ಅಲ್ಲೇ ಹೀಗೆ ಕಾಯುತ್ತಿದ್ದೆ ಎಂದು ಅವಳಿಗೆ ಈಗ ತಿಳಿಯಿತು. ಹಾಡು ನಿಲ್ಲದೆ ಮುಂದೆ ಹೋಯಿತು.

ಮೊದಲು ಅದು ನಾಲ್ಕು ನಿಮಿಷದ ಹಾಡು. ಈಗ ಮೂರು ನಿಮಿಷ ಐವತ್ತಾರು ಸೆಕೆಂಡ್.