ಕಡಲಂಚಿನ ಕೋಟೆಗೆ ಕೆಮ್ಮಣ್ಣು

ಮಳೆ ಹಿಂದೆ ಸರಿದು ದೀಪಾವಳಿಯ ತಂಪು ಇಳಿದಿತ್ತು. ಈ ಹಬ್ಬಕ್ಕೆ ಪುಣೆಯ ಅಂಗಳಗಳಲ್ಲಿ ಮಣ್ಣಿನ ಮಾದರಿ ಕೋಟೆಗಳು ಏಳುತ್ತವೆ. ಚಿಂಚವಾಡದ ಒಂದು ವಸತಿ ಸೊಸೈಟಿಯಲ್ಲಿ ಈ ಸಲ ಏಳುತ್ತಿದ್ದದ್ದು ಮರಾಠರ ಕೋಟೆಯಲ್ಲ, ಸ್ಕಾಟ್ಲೆಂಡಿನ ಕಡಲಂಚಿನದು. ಮೂರನೇ ಮಹಡಿಯ ಮಧುಕರ್ ಕಂಪನಿ ಕೆಲಸಕ್ಕೆ ಹೋದಾಗ ನೋಡಿಬಂದದ್ದಂತೆ.

ಅದೇ ಸೊಸೈಟಿಯ ತ್ರಿವೇಣಿ ಕೆಮ್ಮಣ್ಣು ಕಲಸಿಕೊಡುತ್ತಿದ್ದಳು. ಅವನು ಮರಾಠಿಯಲ್ಲಿ ವಿವರಿಸುತ್ತಿದ್ದ: ನೆಲಮಟ್ಟದಲ್ಲಿ ಕಾಳುಕಡಿಯ ಕಮಾನು ಕೋಣೆ. ಬಾಗಿಲು ಮೇಲಿನ ಅಂತಸ್ತಿಗೆ. ವೈರಿ ಬಂದರೆ ಮರದ ಏಣಿ ಎಳೆದುಕೊಂಡರಾಯಿತು.

ಅವಳ ಕಿವಿ ಅಲ್ಲಿದ್ದರೂ ಮನಸ್ಸಿನಲ್ಲಿ ಅನುಮಾನ. ನಿನ್ನೆ ಇಲ್ಲೇ ಕೂತು ಫೋನಿನಲ್ಲಿ ವಿಜಯಪುರದ ಅಕ್ಕನ ಹತ್ತಿರ ಶೇಂಗಾ ಹೋಳಿಗೆ ನೆನೆದಿದ್ದಳು. ಇವತ್ತು ಇವನು ಅದನ್ನೇ ತಂದಿದ್ದ. ಮೊನ್ನೆ ಮಧ್ಯಾಹ್ನದ ಬಿಸಿಲೆಂದು ಗೊಣಗಿದ್ದಳು, ಕೊಡೆ ಬಂದಿತ್ತು. ಎರಡನ್ನೂ ಅಂದದ್ದು ಕನ್ನಡದಲ್ಲಿ. ಈ ಮರಾಠಿಯವನಿಗೆ ಹೇಳುವವರು ಯಾರು?

ಅವನು ಕೋಟೆಯ ಹಜಾರದ ಗೋಡೆಯೊಳಗೆ ಕಡ್ಡಿ ತೂರಿಸಿ ಮೇಲಿನ ಕೋಣೆಗೆ ತೂತು ಮಾಡಿದ. ಯಾಕೆಂದು ಕೇಳಿದಳು.

ಕೆಲವು ಕೋಟೆಗಳಲ್ಲಿ ಇಂಥ ಕಿಂಡಿ ಇತ್ತಂತೆ. ಯಜಮಾನ ಮೇಲೆ ಕೂತು, ಕೆಳಗಿನ ಅತಿಥಿಗಳು ತನ್ನ ಬಗ್ಗೆ ಏನೆನ್ನುತ್ತಾರೆಂದು ಕದ್ದು ಕೇಳುತ್ತಿದ್ದನಂತೆ. ಹೇಳುವಾಗ ಅವನ ಕಣ್ಣು ಅವಳನ್ನು ತಪ್ಪಿಸಿತು.

ತ್ರಿವೇಣಿ ಮಣ್ಣು ತಟ್ಟುತ್ತಲೇ, ಮುಖ ಬದಲಿಸದೆ, ಮೆಲ್ಲಗೆ ಕನ್ನಡದಲ್ಲಿ ಅಂದಳು: "ನಿಮ್ಮ ಬೆನ್ನ ಮ್ಯಾಲೆ ಚೇಳು ಹತ್ಯಾದ ನೋಡ್ರಿ."

ಮಧುಕರ್ ಹೌಹಾರಿ ಎದ್ದು ಅಂಗಿ ಕೊಡವಿದ. ಚೇಳಿರಲಿಲ್ಲ. ಅವಳ ನೋಟವಿತ್ತು.

"ಯಾವೂರ್ರಿ ನಿಮ್ದು?"

"ತಿಪಟೂರು," ಎಂದ, ತಲೆತಗ್ಗಿಸಿ. "ಮೊದಲ್ನೇ ದಿನ ನೀವು ಮರಾಠೀಲಿ ಮಾತಾಡ್ಸಿದ್ರಿ, ನಾನೂ ಹಂಗೇ ಉತ್ತರ ಕೊಟ್ಟೆ. ಆಮೇಲೆ ಫೋನಲ್ಲಿ ನನ್ ವಿಷ್ಯ ಶುರುವಾಯ್ತು. ಹೇಳಿದ್ರೆ ನಿಲ್ಸಿಬಿಡ್ತೀರಿ ಅಂತ..."

ಇವನು ನಕ್ಕರೆ ಕೆಲಸವೇ ಮರೆಯುತ್ತದೆ ಎಂದು ಅಕ್ಕನಿಗೆ ಹೇಳಿದ್ದು ನೆನಪಾಗಿ ತ್ರಿವೇಣಿಯ ಮುಖ ಕಾದುಹೋಯಿತು. ನಾಚಿಕೆಗಿಂತ ಸಿಟ್ಟು ಹೆಚ್ಚು. ಎಲ್ಲವನ್ನೂ ಕೇಳಿ ಒಳಗೊಳಗೇ ನಗುತ್ತಿದ್ದನೇ?

"ನನ್ನ ಮನಸಿನ್ಯಾಗಿಂದು ಎಲ್ಲಾ ಬಾಚ್ಕೊಂಡ್ರಿ. ನಿಮ್ದು ಒಂದು ಮಾತರ ಕೊಟ್ಟೀರೇನ್ರಿ? ಸಾಲಗಾರ್ರು ನೀವು!"

ಕೈ ತೊಳೆಯಲು ಎದ್ದೇಬಿಟ್ಟಳು.

"ತ್ರಿವೇಣಿಯವ್ರೇ, ನಾನು ನೋಡಿದ ಕೋಟೆಗೆ ಇರೋದು ಮೂರೇ ಅಂತಸ್ತು."

ಅವಳು ತಿರುಗಿ ನೋಡಿದಳು. ಮಣ್ಣಿನ ಗೋಪುರ ಅವಳ ಎದೆಮಟ್ಟಕ್ಕೆ ಬಂದಿತ್ತು.

"ಮುಗಿದ್ರೆ ನೀವು ಬರಲ್ಲ ಅಂತ ಮೇಲೆ ಮೇಲೆ ಕಟ್ತಾನೇ ಇದ್ದೀನಿ. ನೀವಂದ್ರೆ ಅಷ್ಟು ಇಷ್ಟ."

ತ್ರಿವೇಣಿ ಗೋಪುರದ ಬಳಿಗೆ ಮರಳಿದಳು. ಆಮೇಲೆ ಕುಕ್ಕರಗಾಲಲ್ಲಿ ಕೂತು, ದೊಡ್ಡ ಮುದ್ದೆ ಮಣ್ಣೆತ್ತಿ ಅವನ ಕೈಗಿಟ್ಟಳು.

"ಒಂದು ಮಾತಿಗೆ ತೀರೂ ಸಾಲ ಅಲ್ಲ ಇದು. ಇನ್ನೊಂದು ಅಂತಸ್ತು ಏರಸ್ರಿ. ಕನ್ನಡದಾಗ ಮಾತಾಡ್ಕೋತ."