ಷಣ್ಮುಖಪ್ಪನವರ ಕಾರಿಗೆ ಒಂದು ಸೇರು ರಾಗಿ ಹಿಟ್ಟು

ಸಾವಿರದ ಒಂಬೈನೂರ ನಲವತ್ತೆರಡನೇ ಇಸವಿ, ಮಾರ್ಚ್ ಹದಿನಾಲ್ಕು, ಶನಿವಾರ. ಬೆಳಿಗ್ಗೆ ಎಂಟೂಕಾಲಿಗೆ ಶಿವಮೊಗ್ಗ ಠಾಣೆಯ ಮೆಟ್ಟಿಲು ಹತ್ತಿದ ಮರದ ವ್ಯಾಪಾರಿ ಷಣ್ಮುಖಪ್ಪನವರ ಮುಖ ನೋಡಿದರೆ, ಮನೆಯಲ್ಲಿ ಏಕಕಾಲಕ್ಕೆ ನಾಲ್ಕು ಜನ ತೀರಿಕೊಂಡ ಹಾಗಿತ್ತು. ಕಾನ್‌ಸ್ಟೇಬಲ್ ಹೂವಪ್ಪ ಕುರ್ಚಿ ಎಳೆದು ಹಾಕಿದ.

"ನನ್ ಕಾರು ಕದ್ಬಿಟ್ಟಿದಾರೆ," ಎಂದರು.

ಹೂವಪ್ಪ ನಗು ನುಂಗಿಕೊಂಡ. ಆ ಕಾರನ್ನು ಕದಿಯುವುದಕ್ಕಿಂತ ಆನೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವುದು ಸುಲಭ. ಹದಿನೇಳು ವರ್ಷದ ಹಿಂದೆ ವಿಲಾಯಿತಿಯಿಂದ ಹಡಗಿನಲ್ಲಿ ಬಂದಾಗ ಅದರ ದೀಪಗಳಲ್ಲಿ ಮುಖ ನೋಡಿಕೊಂಡು ಹೆಂಗಸರು ಕುಂಕುಮ ತಿದ್ದಿಕೊಳ್ಳಬಹುದಿತ್ತು. ಈಗ ಅದಕ್ಕೆ ಮುದುಕರ ಕಾಯಿಲೆಗಳೆಲ್ಲ ಬಂದಿದ್ದವು. ಚಳಿ ಹತ್ತಿದರೆ ಹೊರಡದು, ಕ್ಲಚ್ ಜಾರುವುದು, ಇವತ್ತು ಬ್ರೇಕು ಒತ್ತಿದರೆ ನಾಳೆ ನಿಲ್ಲುವುದು. ಎಂಜಿನ್ನನ್ನು ತಣ್ಣಗಿಡುವ ನೀರಿನ ರೇಡಿಯೇಟರ್ ಅಂತೂ ಜರಡಿಯಂತೆ ಸೋರಿ, ಭದ್ರಾವತಿಗೆ ಹೋಗಿ ಬರುವುದರೊಳಗೆ ಅರ್ಧ ತುಂಗೆಯನ್ನು ಕುಡಿದುಬಿಡುತ್ತಿತ್ತು.

"ಯಾವಾಗ ಹೋಯ್ತು?" ಇನ್ಸ್‌ಪೆಕ್ಟರ್ ಈಶ್ವರಪ್ಪ ಕೇಳಿದರು.

"ನಿನ್ನೆ. ನಾನು ಬೀರೂರಿಗೆ ಹೋಗಿದ್ದೆ. ಈಗ ರೈಲಿಳಿದು ಬಂದು ನೋಡ್ತೀನಿ, ಶೆಡ್ಡು ಖಾಲಿ."

"ಡ್ರೈವರ್?"

"ಅಬ್ಬಾಸ್ ಅಲಿ ಅಂತ ಇದ್ದ. ಹೋದ ತಿಂಗಳು ಬಿಡಿಸ್ದೆ. ಹೊಸ ರೇಡಿಯೇಟರ್ ಮುಂಬಯಿಂದ ತರಿಸ್ಬೇಕು, ನಾನೂರು ರೂಪಾಯಿ ಅಂತ ದಿನಾ ಪ್ರಾಣ ತಿಂತಿದ್ದ. ನಾನೂರಕ್ಕೆ ಎರಡು ಜೋಡಿ ಎತ್ತು ಬರ್ತವಲ್ಲ ಸ್ವಾಮಿ."

ಕಲಂ 379, ಕಳವು ಎಂದು ಎಫ್‌ಐಆರ್ ದಾಖಲಾಯಿತು.

ಒಂಬತ್ತು ಗಂಟೆಗೆ ಈಶ್ವರಪ್ಪನವರೂ ಹೂವಪ್ಪನೂ ದುರ್ಗಿಗುಡಿಯ ಷಣ್ಮುಖಪ್ಪನವರ ಮನೆಗೆ ಹೋದರು. ಶೆಡ್ಡಿನ ಬೀಗ ಒಡೆದಿರಲಿಲ್ಲ. ನೆಲದ ಮೇಲೆ ರಾಗಿ ಹಿಟ್ಟು ಚೆಲ್ಲಿತ್ತು. ಹೂವಪ್ಪ ಅಡಿಗೆಯ ಮಾಸ್ತಮ್ಮನನ್ನು ಕರೆದ.

"ಇದೇನಕ್ಕ ಇದು?"

"ಇಲಿ ಎಳ್ಕೊಂಡು ಬಂದಿರ್ಬೇಕು."

"ಹಿಟ್ಟಿನ ಡಬ್ಬ ನೋಡ್ದೆ, ಸೇರು ಕಮ್ಮಿ ಐತೆ. ಸೇರು ಹೊರೋ ಇಲಿ ಸಾಕಿದೀಯಾ ಮಾರಾಯ್ತಿ? ಹಾಲು ಕೊಡ್ತೈತಾ ಅದು?"

ಮಾಸ್ತಮ್ಮ ನಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಹನ್ನೊಂದಕ್ಕೆ ಮಾಚೇನಹಳ್ಳಿಯ ತಳವಾರ ಓಡಿಬಂದ. ಭದ್ರಾವತಿ ರಸ್ತೆಯ ಹುಣಸೆ ಮರದ ಕೆಳಗೆ ಕಾರು ನಿಂತಿದೆ, ಹಿಂದಿನ ಸೀಟಿನ ತುಂಬ ರಕ್ತ ಎಂದ.

ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ಸೈಕಲ್ ತುಳಿದು ಹೋಗಿ ಮಧ್ಯಾಹ್ನ ಒಂದಕ್ಕೆ ಪಂಚರ ಎದುರು ಪಂಚನಾಮೆ ಶುರುಮಾಡಿದರು. ಚರ್ಮದ ಸೀಟಿನ ಮೇಲೆ ಒಣಗಿದ ರಕ್ತ, ಒಂದು ಚಾಪೆ, ಎರಡು ಒಡೆದ ಹಸಿರು ಬಳೆ. ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಮುಂದೆಯೇ ಸಿಕ್ಕಿಕೊಂಡಿತ್ತು. ಅದರ ಹಿಡಿಯ ಮೇಲೂ ರಕ್ತ. ಈಶ್ವರಪ್ಪನವರು ಕೊಲೆ ಎಂಬ ಪದವನ್ನು ಬಾಯಿಬಿಟ್ಟು ಆಡಲಿಲ್ಲ, ಪೆನ್ಸಿಲಿನಲ್ಲಿ ಬರೆದುಕೊಂಡರು.

ಹೂವಪ್ಪ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದ. ಮೂಸಿ ನೋಡಿದ. ಅವನು ಹೊಳಲೂರಿನ ಬೇಸಾಯದ ಮನೆಯವನು, ಆ ವಾಸನೆ ತಿಳಿಯಲು ಡಾಕ್ಟರೇ ಬೇಕಾಗಿರಲಿಲ್ಲ.

"ಸ್ವಾಮಿ, ಒಳಗೆ ಅಂಬಲಿ ಐತೆ."

ಅಬ್ಬಾಸ್ ಅಲಿ ಕೆಲಸ ಬಿಟ್ಟಮೇಲೆ ಸೇರಿಕೊಂಡಿದ್ದ ಗ್ಯಾರೇಜಿನ ಬಾಬು ಸಾಬ್‌ನನ್ನು ಕರೆಸಿದರು. ಅವನು ಬಾನೆಟ್ ಎತ್ತಿ ಒಳಗೆ ಕೈಯಾಡಿಸಿದ.

"ರೇಡಿಯೇಟರ್ ಸೋರಿದ್ರೆ ರಾಗಿ ಹಿಟ್ಟು ಹಾಕ್ತಾರೆ ಸಾಹೇಬ್ರೆ. ಬಿಸಿಗೆ ಬೆಂದು ತೂತಿಗೆ ಮೆತ್ಕೊಳ್ಳತ್ತೆ. ಪೇಟೆಯೊಳಗೆ ಮೆಲ್ಲಗೆ ಓಡಿಸೋಕೆ ನಡೆಯತ್ತೆ. ಜೋರಾಗಿ ದೂರ ಓಡಿಸಿದ್ರೆ ಸಣ್ಣ ಕೊಳವೆ ಎಲ್ಲ ಕಟ್ಕೊಂಡು, ನೀರು ಹರಿಯದೆ ಎಂಜಿನ್ ಸುಟ್ಟು ಹಿಡ್ಕೊಂಬಿಡತ್ತೆ. ಇದು ಹಿಡ್ಕೊಂಡಿದೆ. ಇನ್ನು ಹತ್ತು ಆನೆ ಬಂದ್ರೂ ತಿರುಗಲ್ಲ."

"ಯಾರು ಹಾಕ್ತಾರೆ ಹಾಗೆ?"

"ಒಬ್ನೇ. ಸಾವ್ಕಾರ್ರು ನಾನೂರು ಕೊಡ್ಲಿಲ್ಲ ಅಂತ ಅಬ್ಬಾಸ್ ಕಂಡ್ಕೊಂಡ ಮದ್ದು ಇದು."

"ನಿನ್ನೆ ಅವನೆಲ್ಲಿದ್ದ?"

"ನನ್ ಗ್ಯಾರೇಜಲ್ಲೇ. ಹನ್ನೆರಡೂಕಾಲಿಗೆ ಭದ್ರಾವತಿಯಿಂದ ಒಬ್ಬ ಸೈಕಲ್ ಮೇಲೆ ಬಂದು ಏನೋ ಹೇಳ್ದ. ಇವ್ನು ಸ್ಪ್ಯಾನರ್ ಬಿಸಾಕಿ ಓಡ್ದ. ವಾಪಸ್ ಬರ್ಲಿಲ್ಲ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಭದ್ರಾವತಿಯ ಹಳೆಪೇಟೆಯಲ್ಲಿ ಅಬ್ಬಾಸ್ ಅಲಿಯ ಮನೆಯ ಮುಂದೆ ನಿಂತರು. ಕೊಲೆಗಾರನನ್ನು ಹಿಡಿಯಲು ಬಂದ ಹೂವಪ್ಪ ಲಾಠಿಯನ್ನು ಬೆನ್ನ ಹಿಂದೆ ಸರಿಸಿಕೊಂಡ. ಜಗಲಿಯ ಮೇಲೆ ನೆರೆಹೊರೆಯವರು ತಲೆ ತಗ್ಗಿಸಿ ಕೂತಿದ್ದರು. ಅಬ್ಬಾಸ್ ಅಲಿ ಎದ್ದು ಬಂದ. ಎರಡೂ ಅಂಗೈಗಳಿಗೆ ಬಟ್ಟೆ ಸುತ್ತಿತ್ತು.

"ಕಾರು ತಗೊಂಡು ಹೋದೋನು ನೀನೇನಾ?"

"ನಾನೇ ಸ್ವಾಮಿ. ಒಂದು ಬೀಗದಕೈ ನನ್ ಹತ್ರ ಉಳ್ಕೊಂಡಿತ್ತು."

"ಸೀಟಿನ ಮೇಲಿನ ರಕ್ತ?"

"ನನ್ ಮಗಳದು. ಅಮೀನಾ."

ಮುಂದಿನದನ್ನು ಬಾಗಿಲ ಮರೆಯಿಂದ ಅವನ ಹೆಂಡತಿ ಸರ್ವರ್ ಬೀ ಹೇಳಿದಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿದ್ದಳು. ಶುಕ್ರವಾರ ಕೂಸು ಅಡ್ಡ ನಿಂತಿದೆ, ನನ್ನ ಕೈಲಾಗದು ಎಂದು ಸೂಲಗಿತ್ತಿ ಕೈ ತೊಳೆದಳು. ಇಲ್ಲಿಯ ಡಾಕ್ಟರು ರಜೆಯಲ್ಲಿದ್ದರು. ಶಿವಮೊಗ್ಗದ ಆಸ್ಪತ್ರೆಗೇ ಹೋಗಬೇಕಿತ್ತು. ಬೆಳಗಿನ ರೈಲು ಹೋಗಿಯಾಗಿತ್ತು.

"ಪಕ್ಕದ್ಮನೆ ಕರಿಯಣ್ಣ ಹನ್ನೊಂದಕ್ಕೆ ಗಾಡಿ ಕಟ್ಟಿ ಹುಲ್ಲು ಹಾಸಿ ನಿಂತಿದ್ದ. ನಾನೇ ಬೇಡ ಅಂದೆ. ನೋವು ಬಂದ್ರೆ ಗಾಡಿ ಹತ್ತಿಸ್ಬೇಡ, ನಂಗೆ ಹೇಳಿ ಕಳ್ಸು ಅಂತ ಇವ್ರು ಆಣೆ ಹಾಕ್ಸಿದ್ರು."

ಆಮೇಲಿನದನ್ನು ಅಬ್ಬಾಸನೇ ಹೇಳಿದ. ಶೆಡ್ಡಿನಲ್ಲಿ ಕಾರಿನ ಕೆಳಗೆ ನೀರು ತೊಟ್ಟಿಕ್ಕುತ್ತಿತ್ತು. ಹೆರಿಗೆಯ ಸುದ್ದಿ ಕೇಳಿದ ಮಾಸ್ತಮ್ಮ ಕೇಳಿದಷ್ಟು ಹಿಟ್ಟು ಕೊಟ್ಟಳು. ಒಂದು ಮುಕ್ಕಾಲಿಗೆ ಇಲ್ಲಿಗೆ ತಲುಪಿದ. ಮಗಳನ್ನು ಮಲಗಿಸಿಕೊಂಡು ಹೊರಟು, ಎರಡೂವರೆಗೆ ಮಾಚೇನಹಳ್ಳಿಯಲ್ಲಿ ಕಾರು ನಿಂತಿತು.

"ಅಲ್ಲಿ ಗಾಡಿ ಸಿಗ್ಲಿಲ್ವಾ?"

"ಹುಡುಕ್ಲಿಲ್ಲ ಸ್ವಾಮಿ. ಹದಿನೇಳು ವರ್ಷ ನಂಗೆ ಮೋಸ ಮಾಡಿರ್ಲಿಲ್ಲ ಅದು. ಇನ್ನೊಂದ್ಸಲ ತಿರುಗಿಸ್ತೀನಿ, ಹೊರಡತ್ತೆ, ಇನ್ನೊಂದ್ಸಲ, ಅಂದ್ಕೊಂಡೆ. ಅವ್ಳೇ ಒಳಗಿಂದ, ಬಿಡು ಅಬ್ಬಾ, ಕೈ ನೋಯತ್ತೆ ಅಂದ್ಲು. ಐದೂವರೆಗೆ ಹೋದ್ಲು. ಕೂಸೂ ಒಳಗೇ ಹೋಯ್ತು. ರಾತ್ರಿ ಗಾಡೀಲೇ ಮನೆಗೆ ತಂದೆ."

ಈಶ್ವರಪ್ಪನವರು ಪೆನ್ಸಿಲಿನಲ್ಲಿ ಬರೆದಿದ್ದ ಪದವನ್ನು ಹೊಡೆದುಹಾಕಿದರು. ದಸ್ತಗಿರಿಯ ಸಮಯ ಹತ್ತೂವರೆ ಎಂದು ಬರೆದು, ಅಂಗೈ ಸುಲಿದಿದ್ದರಿಂದ ಅಬ್ಬಾಸನ ಹೆಬ್ಬೆಟ್ಟನ್ನು ತಾವೇ ಹಿಡಿದು ಒತ್ತಿಸಿದರು.

"ಗಾಡಿ ಹತ್ತಿಸ್ಬೇಡ ಅಂತ ಯಾಕೆ ಹೇಳಿದ್ದೆ?" ಹೂವಪ್ಪ ಮೆಲ್ಲಗೆ ಕೇಳಿದ. ಅದು ಹೇಳಿಕೆಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

"ಸಾವ್ಕಾರ್ರ ಮೂರು ಹೆಣ್ಮಕ್ಕಳ ಹೆರಿಗೆಗೂ ನಾನೇ ಕಾರು ಬಿಟ್ಟೋನು. ಸೊಸೆದಕ್ಕೂ. ಒಂದು ಕುಲುಕು ಇಲ್ದಂಗೆ ಕರ್ಕೊಂಡೋಗ್ತಿದ್ದೆ. ನನ್ ಮಗಳೊಬ್ಳು ಗಾಡೀಲಿ ಕುಲುಕಾಡ್ಕೊಂಡು ಹೋಗೋದಾ ಅನ್ನಿಸ್ತು."

ಯುದ್ಧದ ಕಾಲ, ಬಸ್ಸಿಗೆ ಪೆಟ್ರೋಲ್ ಇರಲಿಲ್ಲ. ಕರಿಯಣ್ಣನೇ ಗಾಡಿ ಕಟ್ಟಿದ. ಶುಕ್ರವಾರ ಕಟ್ಟಿ ನಿಂತಿದ್ದ ಹೊತ್ತಿಗೇ, ಹನ್ನೊಂದಕ್ಕೆ ಹೊರಟಿತು. ಹೂವಪ್ಪ ಠಾಣೆಯ ಜೇಬುಗಡಿಯಾರ ನೋಡಿ ಡೈರಿಯಲ್ಲಿ ಬರೆದುಕೊಂಡ. ಎತ್ತುಗಳು ಯಾವ ಅವಸರವೂ ಇಲ್ಲದೆ, ಎಲ್ಲೂ ನಿಲ್ಲದೆ ನಡೆದವು. ಮಾಚೇನಹಳ್ಳಿಯ ಕಾರಿನ ಪಕ್ಕದಲ್ಲಿ ಹಾದಾಗ ಅಬ್ಬಾಸ್ ತಲೆಯೆತ್ತಲಿಲ್ಲ.

ಶಿವಮೊಗ್ಗದ ಮೊದಲ ಮನೆಗಳು ಕಂಡಾಗ ಅವನು ಬಾಯಿಬಿಟ್ಟ.

"ಟೈಮೆಷ್ಟು ಹೂವಪ್ಪಣ್ಣ?"

ಹೂವಪ್ಪ ಗಡಿಯಾರ ತೆಗೆದ. ಎರಡು ಗಂಟೆ ಐವತ್ತು ನಿಮಿಷ. ಮುಳ್ಳು ಟಿಕ್ ಟಿಕ್ ಎಂದು ಓಡುತ್ತಲೇ ಇತ್ತು. ಅವನು ಅದನ್ನು ಮುಷ್ಟಿಯಲ್ಲಿ ಮುಚ್ಚಿದ.

"ನಿಂತೋಗಿದೆ ಸಾಬ್ರೆ."

ಅಬ್ಬಾಸ್ ಅಲಿ ರಸ್ತೆಯ ಮೇಲೆ ಬಿದ್ದಿದ್ದ ಗಾಡಿಯ ನೆರಳನ್ನು ನೋಡಿದ. ಇನ್ನೂ ಗಾಡಿಯಷ್ಟು ಉದ್ದವೂ ಆಗಿರಲಿಲ್ಲ ಅದು. ಬಟ್ಟೆ ಸುತ್ತಿದ ಎರಡು ಕೈಯನ್ನೂ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕೂತ.