ಖಾಲಿ ಸೊಂಟ

ಪಿಸ್ತೂಲು ಕಿತ್ತುಕೊಂಡದ್ದನ್ನು ಪಂಚಾಕ್ಷರಿ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಗಂಟಲಿನಿಂದ ಕೆಳಗಿಳಿಯದೆ ನಿಂತದ್ದು ಆ ನಗು.

ಪರ್ತ್‌ನಲ್ಲಿ ಚಿನ್ನ, ನಗದು ಸಾಗಿಸುವ ಕಂಪನಿಯೊಂದರಲ್ಲಿ ಅವನು ಕಾವಲುಗಾರ. ಮೋರ್ಲಿಯ ಒಡವೆ ಅಂಗಡಿಗಳ ಮುಂದೆ ವ್ಯಾನಿನಿಂದ ಇಳಿದು ನಡೆಯುವಾಗ ಅವನ ಬಲಸೊಂಟದಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಪಿಸ್ತೂಲು ಇರುತ್ತಿತ್ತು. ಪೊಲೀಸರನ್ನು ಬಿಟ್ಟರೆ ಹಾಗೆ ನಡೆಯುವ ಹಕ್ಕು ಈ ದೇಶದಲ್ಲಿ ಬೆರಳೆಣಿಕೆಯ ಮಂದಿಗೆ. ಪರೀಕ್ಷೆ ಬರೆದು, ಗುರಿ ಹೊಡೆದು ತೋರಿಸಿ, ವರ್ಷಗಟ್ಟಲೆ ಕಾದು ಅವನು ಅದನ್ನು ಸಂಪಾದಿಸಿದ್ದ. ಅದಕ್ಕೆ ಮೊದಲು ಅವನೊಬ್ಬ ಯಾರ ಕಣ್ಣಿಗೂ ಬೀಳದ ಕಂದು ಮೈಯ ಮನುಷ್ಯ. ಸೊಂಟಕ್ಕೆ ಬೆಲ್ಟು ಬಿಗಿದ ಮೇಲೆ ಜನ ದಾರಿ ಬಿಟ್ಟರು. ಕಾರಿನ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದ ಪಡ್ಡೆಗಳು ಬಾಯಿ ಮುಚ್ಚಿದವು.

ಆಗ ಮೈಸೂರಿನ ಯಶವಂತ ಕಂಪನಿಯ ಸುರಕ್ಷತಾ ಮ್ಯಾನೇಜರ್ ಆಗಿ ಬಂದ. ಬಂದ ಕೆಲವೇ ತಿಂಗಳಲ್ಲಿ ಹೊಸ ನಿಯಮ ತಂದ. ಅಂಗಡಿಯವರಿಗೆ ತಮ್ಮ ಬಾಗಿಲೊಳಗೆ ಬಂದೂಕು ಬೇಡವಂತೆ, ಗಿರಾಕಿಗಳು ಬೆದರುತ್ತಾರಂತೆ. ಇನ್ನು ಮೇಲೆ ಸಾದಾ ಬಟ್ಟೆ, ಬೆನ್ನಿಗೊಂದು ಚೀಲ, ಬರಿಗೈ. ಎಲ್ಲರೆದುರು ಬೆಲ್ಟು ಬಿಚ್ಚಿಡುವಾಗ ಪಂಚಾಕ್ಷರಿಯ ಕೈ ಒಂದು ಗಳಿಗೆ ತಡೆಯಿತು.

"ಬಿಚ್ಚಿ ಅಂಕಲ್," ಎಂದ ಯಶವಂತ. "ಇದು ನಿಮ್ಮಪ್ಪನ ಜೋಳದ ಹೊಲ ಅಲ್ಲ. ಮೋರ್ಲಿಗೆ ಹಂದಿ ಬರಲ್ಲ, ಅಜ್ಜೀರು ಬರ್ತಾರೆ." ಅದನ್ನೇ ಮತ್ತೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ. ಕೋಣೆ ಗೊಳ್ಳೆಂದಿತು.

ಅಪ್ಪನ ಕೋವಿಯ ಕತೆಯನ್ನು ಅವನಿಗೆ ಹೇಳಿದ್ದು ಪಂಚಾಕ್ಷರಿಯೇ. ಇಬ್ಬರ ಮನೆಯೂ ಎಲೆನ್‌ಬ್ರೂಕ್‌ನಲ್ಲಿ. ಸೋಮವಾರಗಳಂದು ಯಶವಂತನ ಕಾರಿನಲ್ಲೇ ಕೆಲಸಕ್ಕೆ ಬರುತ್ತಿದ್ದ. ನಮ್ಮವನೆಂದು ನಂಬಿ ಹೇಳಿಕೊಂಡಿದ್ದ. ಗುಂಡ್ಲುಪೇಟೆಯ ಕಾಡಂಚಿನ ಹೊಲ, ಬೆಳೆ ಕಾಯಲು ಪರವಾನಗಿ ಪಡೆದ ಒಂಟಿನಳಿಗೆಯ ಕೋವಿ. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಠಾಣೆ ಸೇರಬೇಕು. ಅಪ್ಪ ಅದನ್ನು ಗೋಣಿತಾಟಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗುತ್ತಿದ್ದ. ದಫೇದಾರ ಬೆಂಚು ತೋರಿಸಿ "ಕೂತ್ಕಳಿ ಯಜಮಾನ್ರೆ" ಎನ್ನುತ್ತಿದ್ದ. ಮತ ಎಣಿಕೆ ಮುಗಿದರೆ ಕೋವಿ ಮನೆಗೆ ಬರುತ್ತಿತ್ತು. ಆಯುಧ ಕೆಳಗಿಡಿಸುವುದಕ್ಕೂ ಒಂದು ಮರ್ಯಾದೆ ಉಂಟು. ಯಶವಂತನಿಗೆ ಅದು ಗೊತ್ತಿರಲಿಲ್ಲ. ಗೊತ್ತು ಮಾಡಿಸಬೇಕಿತ್ತು.

ಹೊಡೆಯುವುದು, ಬಡಿಯುವುದು ಹೆಡ್ಡರ ಕೆಲಸ. ಪಂಚಾಕ್ಷರಿ ಆ ನಿಯಮವನ್ನೇ ಓದಿದ, ಹೊಲದ ಬದು ನೋಡುವ ರೈತನಂತೆ ನಿಧಾನವಾಗಿ, ಮತ್ತೆ ಮತ್ತೆ. ಆಯುಧವಾಗಲಿ, ಆಯುಧದಂತೆ ಕಾಣುವ ಆಟಿಕೆಯಾಗಲಿ ಕಂಪನಿಯ ಅಂಗಳದಲ್ಲಿ, ಅಲ್ಲಿ ನಿಲ್ಲಿಸಿದ ಕಾರಿನಲ್ಲಿ ಸಿಕ್ಕಿದರೂ ಅಂದೇ ಕೆಲಸದಿಂದ ವಜಾ, ಪೊಲೀಸರಿಗೆ ದೂರು. ಆಟಿಕೆಯ ಮಾತನ್ನು ಸೇರಿಸಿದವನು ಯಶವಂತನೇ. ಮೀಟಿಂಗಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಅವನ ವೀಸಾ ನಿಂತಿರುವುದು ಈ ಕೆಲಸದ ಮೇಲೆ. ಹಳ್ಳ ತೋಡಿದವನೂ ಅವನೇ, ಇಳಿಯಬೇಕಾದವನೂ ಅವನೇ. ಅವನು ತೊಲಗಿದರೆ ಅವನ ನಿಯಮವೂ ತೊಲಗುತ್ತದೆ, ಬೆಲ್ಟು ಸೊಂಟಕ್ಕೆ ಮರಳುತ್ತದೆ. ಪಂಚಾಕ್ಷರಿಗೆ ಬೇಕಾಗಿದ್ದದ್ದು ಅಷ್ಟೇ.

ಬೇಕಾದ ವಸ್ತು ಬ್ರಿಸ್ಬೇನ್‌ನಲ್ಲಿತ್ತು. ನೀರಿನಲ್ಲಿ ನೆನೆದ ಮೆತ್ತನೆಯ ಗೋಲಿ ಹಾರಿಸುವ ಜೆಲ್ ಬ್ಲಾಸ್ಟರ್. ನೋಡಿದರೆ ಅಪ್ಪಟ ಪಿಸ್ತೂಲು. ಅಲ್ಲಿ ಅದು ಅಂಗಡಿಯಲ್ಲಿ ಸಿಗುವ ಆಟದ ಸಾಮಾನು. ಅಡಿಲೇಡ್‌ನಲ್ಲಿ ಕಾನೂನು ಅದನ್ನು ಬಂದೂಕೆಂದೇ ಎಣಿಸುತ್ತದೆ. ಪರ್ತ್‌ನಲ್ಲಂತೂ ಅದಕ್ಕೆ ನಿಷೇಧ, ಇಟ್ಟುಕೊಂಡವನು ಜೈಲು ಕಂಡರೂ ಕಂಡನೇ. ದೇಶ ಒಂದೇ, ಗಡಿ ದಾಟಿದರೆ ಆಟಿಕೆ ಆಯುಧವಾಗುತ್ತದೆ. ಇದನ್ನು ತಿಳಿದ ದಿನ ಪಂಚಾಕ್ಷರಿ ಬಹಳ ದಿನದ ಮೇಲೆ ಹೊಟ್ಟೆತುಂಬ ಉಂಡ.

ಅಡಿಲೇಡ್‌ನಲ್ಲಿ ಓದುತ್ತಿರುವ ಅಣ್ಣನ ಮಗ ಸುಹಾಸನನ್ನು ನೋಡಿ ಬರುತ್ತೇನೆಂದು ಹೆಂಡತಿ ಗೀತಾಳಿಗೂ ಆಫೀಸಿಗೂ ಹೇಳಿದ. ಅಡಿಲೇಡ್‌ನಲ್ಲಿ ವಿಮಾನ ಬದಲಿಸಿ ನೇರ ಬ್ರಿಸ್ಬೇನ್‌ಗೆ ಹೋದ. ಹೋಟೆಲಿನಲ್ಲಿ ಇಳಿದರೆ ಹೆಸರು ಉಳಿಯುತ್ತದೆಂದು ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ತನ್ನ ಊರ ಕಡೆಯ ಸದಾಶಿವಣ್ಣನ ಮನೆ ಸೇರಿದ. ಪರ್ತ್‌ನವರಾರ ಪರಿಚಯವೂ ಇಲ್ಲದ ಸಾಧು ಸಂಸಾರ. ಆಟಿಕೆಯ ಅಂಗಡಿಗೆ ಹೋದಾಗ ತಲೆಗೆ ಟೋಪಿ, ಕೈಗೆ ಕೈಗವಸು, ಕೊಟ್ಟದ್ದು ನಗದು. ಅಂಗಡಿಯ ಹುಡುಗಿ "ಮಗನಿಗಾ?" ಎಂದು ಕೇಳಿದಳು. "ಹೌದು, ಆಟ ಆಡ್ತಾನೆ" ಎಂದ. ಬೆರಳಚ್ಚು ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಸೂಟ್‌ಕೇಸಿನ ನಡುಹೊಟ್ಟೆಯಲ್ಲಿಟ್ಟು ಬೀಗ ಜಡಿದ. ಅದನ್ನು ಸದಾಶಿವಣ್ಣನ ಮನೆಯ ಬಾಗಿಲ ಬಳಿಯೇ ನಿಲ್ಲಿಸಿದ.

"ನೆನ್ನೆ ಬಂದೆ, ಇವತ್ತು ಹೊಂಟೆ," ಎಂದರು ಸದಾಶಿವಣ್ಣನ ಹೆಂಡತಿ ದೇವಕಿ. "ಯಾರೋ ಅಟ್ಟಿಸ್ಕಂಡು ಬರ್ತಾವ್ರೆ ಅನ್ನೋ ಹಂಗೆ ಆಡ್ತೀಯಲ್ಲಪ್ಪ."

"ಬುಡು, ಅವ್ನು ಗನ್‌ಮ್ಯಾನು," ಎಂದ ಸದಾಶಿವಣ್ಣ. "ಸೊಂಟದಲ್ಲಿ ಪಿಸ್ತೂಲು, ಕಾಯೋದು ಚಿನ್ನ. ನಮ್ ಥರ ಬಂಕಲ್ಲಿ ಪೆಟ್ರೋಲ್ ಹಾಕ್ತಾನಾ? ಏನಪ್ಪಾ, ತೋರ್ಸಾದ್ರೂ ತೋರ್ಸು, ಹೆಂಗದೆ ನಿನ್ ಪಿಸ್ತೂಲು?"

"ಮನೆಗೆ ತರಂಗಿಲ್ಲಣ್ಣ, ಕಾನೂನದೆ," ಎಂದು ಪಂಚಾಕ್ಷರಿ ನಕ್ಕ. ಆ ಮನೆಯಲ್ಲಿ ತಾನಿನ್ನೂ ಪಿಸ್ತೂಲಿನ ಮನುಷ್ಯನಾಗಿಯೇ ಉಳಿದಿದ್ದೇನೆಂಬುದು ಅವನ ಒಳಗನ್ನು ಮತ್ತಷ್ಟು ಸುಟ್ಟಿತು. ಸ್ನಾನ ಮಾಡಿ, ಉಂಡು, ಇಬ್ಬರ ಕಾಲಿಗೂ ನಮಸ್ಕರಿಸಿ ಹೊರಟ.

ಮರಳುವಾಗ ಅಡಿಲೇಡ್‌ನಲ್ಲಿ ಮತ್ತೆ ವಿಮಾನ ಬದಲಿಸಬೇಕಿತ್ತು. ಸೂಟ್‌ಕೇಸ್ ಅವನ ಕೈಗೆ ಬರದೆ ಒಂದರ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ಹೋಗುವಂತೆ ಚೀಟಿ ಹಾಕಿಸಿದ್ದ. ಅಲ್ಲಿಂದಲೇ ಗೀತಾಳಿಗೆ ಫೋನು ಮಾಡಿದ.

"ಸುಹಾಸ ಹೆಂಗಿದಾನ್ರೀ?"

"ಸೊರಗಿದಾನೆ. ಬರೀ ಬ್ರೆಡ್ ತಿಂತಾನೆ."

"ನನ್ ಫೋನೇ ಎತ್ತಲ್ಲ ಅವ್ನು, ಭಂಡ," ಎಂದಳು ಗೀತಾ. ಒಳ್ಳೆಯದೇ ಆಯಿತು ಎಂದುಕೊಂಡ.

ಇಬ್ಬರು ಪೊಲೀಸರು ಹಾದುಹೋದರು. ಅವರ ಸೊಂಟಗಳ ಮೇಲೆ ಅವನ ಕಣ್ಣು ನಿಂತುಬಿಟ್ಟಿತು. ಹೆದರಬೇಕಾದ ಹೊತ್ತಿನಲ್ಲಿ ಹುಟ್ಟಿದ್ದು ಹೊಟ್ಟೆಕಿಚ್ಚು. ಸೋಮವಾರ ಯಶವಂತನ ಕಾರು ಹತ್ತುವುದು, ಸೀಟಿನ ಕೆಳಗೆ ಸರಿಸುವುದು, ಇಳಿದ ಮೇಲೆ ಹೆಸರಿಲ್ಲದ ಒಂದು ದೂರು. ಅವನ ಹೆಂಡತಿ ಅಪೂರ್ವ ಬಸುರಿ ಎಂಬುದು ನೆನಪಾಯಿತು. ಗೊಳ್ಳೆಂದ ಆ ಕೋಣೆಯನ್ನು ನೆನೆದು ಅದನ್ನು ಬದಿಗೆ ತಳ್ಳಿದ. ಯಶವಂತನೂ ಎಲ್ಲರೆದುರು ಬಿಚ್ಚಲಿ, ಕೊರಳಿಗೆ ತೂಗುಹಾಕಿದ ಆ ಕಂಪನಿಯ ಕಾರ್ಡನ್ನು.

ಪರ್ತ್‌ನಲ್ಲಿ ಇಳಿದಾಗ ಪೊಲೀಸರು ಯಾರೂ ಇರಲಿಲ್ಲ. ಬೇರೆ ರಾಜ್ಯದ ರೋಗ, ಹುಳು ಒಳಗೆ ಬಾರದಿರಲೆಂದು ಹಣ್ಣು ಸೊಪ್ಪು ಹುಡುಕುವ ಇಲಾಖೆಯ ಹೆಂಗಸೊಬ್ಬಳು ಒಂದು ಪುಟ್ಟ ನಾಯಿಯನ್ನು ಸಾಮಾನುಗಳ ನಡುವೆ ಅಡ್ಡಾಡಿಸುತ್ತಿದ್ದಳು. ಪಂಚಾಕ್ಷರಿ ಸೂಟ್‌ಕೇಸ್ ಎಳೆದುಕೊಂಡು ಅದರ ಪಕ್ಕದಲ್ಲೇ ನಡೆದ, ಒಂದು ಬಾಳೆಹಣ್ಣನ್ನೂ ತರದ ಮನುಷ್ಯನ ಧೈರ್ಯದಲ್ಲಿ. ನಾಯಿ ಎರಡು ಹೆಜ್ಜೆ ಹಿಂದೆ ಬಂದು, ಸೂಟ್‌ಕೇಸಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿತು. "ಹಣ್ಣು, ತರಕಾರಿ ಏನಾದರೂ?" ಎಂದಳು ಹೆಂಗಸು. "ಏನೂ ಇಲ್ಲ" ಎಂದ. ಅಂದು ಅವನಾಡಿದ ಮಾತುಗಳಲ್ಲಿ ಅದೊಂದೇ ಮನಸಾರೆ ಆಡಿದ್ದು. ಜೇಬಿನಲ್ಲಿ ಫೋನು ಗುನುಗಿತು, ದೇವಕಿಯವರ ಸಂದೇಶ: "ನೀನು ಸ್ನಾನಕ್ಕೋದಾಗ ಸೂಟ್‌ಕೇಸಿನ ಹೊರಗಿನ ಜಿಪ್ಪಲ್ಲಿ ಗೀತಂಗೆ ಅಂತ ಹಿತ್ತಲ ಕರಿಬೇವು ಇಟ್ಟಿದೀನಿ. ಹೇಳಿದ್ರೆ ಬೇಡ ಅಂತೀಯ. ಮೊದಲ ಸಲ ಮನೆಗೆ ಬಂದವನನ್ನ ಬರಿಗೈಲಿ ಹೆಂಗಪ್ಪಾ ಕಳ್ಸೋದು." ಅವನು ಅದನ್ನು ಓದಿ ಮುಗಿಸುವಷ್ಟರಲ್ಲಿ ಹೆಂಗಸು ಹೊರಗಿನ ಜಿಪ್ಪು ಎಳೆದು, ಕರಿಬೇವಿನ ಕವರನ್ನು ಮೂಗಿಗೆ ಹಿಡಿದು, ಇದೇನು ದೊಡ್ಡ ವಿಷಯವಲ್ಲವೆಂಬಂತೆ ನಕ್ಕಳು. "ಪರವಾಗಿಲ್ಲ, ತುಂಬ ಜನ ಮರೆತು ತರುತ್ತಾರೆ. ಆದರೆ ಒಂದು ಸಿಕ್ಕ ಮೇಲೆ ಪೂರ್ತಿ ನೋಡಲೇಬೇಕು," ಎಂದು ಸೂಟ್‌ಕೇಸನ್ನು ಮೇಜಿನ ಮೇಲೆ ಮಲಗಿಸಿ, ಬೀಗ ತೆಗೆಯುವಂತೆ ಮರ್ಯಾದೆಯಿಂದಲೇ ಕೇಳಿದಳು.